ಗೋಡೆಗೆ ಬಡಿದ ಚೆಂಡು ಔಟ್ ಅಲ್ಲವಂತೆ

ಸುಲ್ತಾನ್ ಬಜಾರ್

ಹೈದರಾಬಾದಿನಲ್ಲಿ ಉಣ್ಣೆಯ ಕೋಟು ಕೊಳ್ಳಲು ಹೋದವನನ್ನು ಅಂಗಡಿಯವರು ದಾರಿ ತಪ್ಪಿ ಬಂದವನಂತೆ ನೋಡುತ್ತಾರೆ. ಬೆವರು ಒರೆಸಿಕೊಳ್ಳುತ್ತ ನಾನೂ ನನ್ನ ಹೆಂಡತಿ ಸವಿತಾಳೂ ಸುಲ್ತಾನ್ ಬಜಾರಿನ ನಾಲ್ಕನೆಯ ಅಂಗಡಿ ಹತ್ತಿದ್ದೆವು. ಅಲ್ಲಿಯವನು ಅಟ್ಟದಿಂದ ಒಂದು ಗಂಟು ಇಳಿಸಿ, ಧೂಳು ಕೊಡವಿ, ಕಿವಿ ಮುಚ್ಚುವ ಕೆಂಪು ಟೊಪ್ಪಿಗೆಯೊಂದನ್ನು ಹೊರಗೆಳೆದು "ಊಟೀಕಾ ಸಾರ್?" ಎಂದ.

"ಅಮೆರಿಕಾಕಿ," ಎಂದಳು ಸವಿತಾ. ಮನೆಯ ಹೊಸ್ತಿಲು ದಾಟಿದರೆ ಅವಳ ತೆಲುಗು ನನ್ನದಕ್ಕಿಂತ ಜೋರು.

"ಸಾಫ್ಟ್‌ವೇರಾ?"

"ಕಾದು. ಫುಟ್‌ಬಾಲ್," ಎಂದು ಸವಿತಾ ಅಡ್ಡಡ್ಡ ತಲೆಯಾಡಿಸಿದಳು.

ಅಂಗಡಿಯವನು ನನ್ನ ಕಿವಿಯ ಪಕ್ಕದ ಬಿಳಿಗೂದಲು ನೋಡಿದ, ಹೊಟ್ಟೆ ನೋಡಿದ, ಆಮೇಲೆ ಟೊಪ್ಪಿಗೆಯನ್ನು ಗಂಟಿಗೇ ತುರುಕಿ ಇನ್ನೂ ದಪ್ಪದ್ದನ್ನು ಹುಡುಕತೊಡಗಿದ. ಸವಿತಾ ನನ್ನ ಕಡೆ ತಿರುಗಿ ಕನ್ನಡಕ್ಕೆ ಬಂದಳು. "ನಿಮ್ಮ ವಯಸ್ಸಿನ ಮಂದಿ ಹುಡುಗೂರಿಗೆ ಆಟ ಕಲಸ್ತಾರ. ನೀವು ಇನ್ನೂ ಆಡಾಕ ಹೊಂಟೀರಿ. ಅದೂ ಬರ್ಫದಾಗ."

ಹೀಗೆ ಹೇಳಿದವಳೇ ಎರಡು ಜೊತೆ ಕೈಗವಸು ಆರಿಸಿದಳು.

ಓದುವವರಿಗೆ ಹಿನ್ನೆಲೆ ಗೊತ್ತಿರಲಿ. ನಮ್ಮದು ಮೂಲತಃ ಬಿಜಾಪುರದ ಕಡೆ. ಅಪ್ಪ ಸನತ್‌ನಗರದ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಬಂದರು, ನಾನು ಅಲ್ಲೇ ಹುಟ್ಟಿದೆ, ಅಲ್ಲಿಯ ಕಲ್ಲುಮಣ್ಣಿನ ಮೈದಾನದಲ್ಲಿ ಮೊಣಕಾಲು ಕೆತ್ತಿಸಿಕೊಂಡು ಫುಟ್‌ಬಾಲ್ ಕಲಿತೆ. ಗೋವಾ, ಕೋಲ್ಕತ್ತಾ, ಕೇರಳ ಎಂದು ಕರೆದ ಕಡೆಗೆಲ್ಲ ಹೋಗಿ ಸ್ಟಾಪರ್ ಆಗಿ ಆಡಿದೆ. ಗೋಲ್‌ಕೀಪರನ ಮುಂದೆ ನಿಂತು ಬಂದವರನ್ನೆಲ್ಲ ತಡೆಯುವ ಕೆಲಸ ಅದು. ಕ್ರೀಡಾ ಕೋಟಾದಲ್ಲಿ ಸರ್ಕಾರಿ ನೌಕರಿ ಸಿಕ್ಕಿತು. ಹಗಲು ಅಭ್ಯಾಸ, ಹಬ್ಬಕ್ಕೊಮ್ಮೆ ಕಚೇರಿಯ ಮುಖ. ಹೋದ ವರ್ಷ ಕಚೇರಿಯ ತಂಡವನ್ನೇ ಮುಚ್ಚಿದರು. ನನ್ನನ್ನು ಟಪಾಲು ಬರುವ ವಿಭಾಗದಲ್ಲಿ, ಫ್ಯಾನು ತಿರುಗದ ಮೂಲೆಯಲ್ಲಿ ಕೂರಿಸಿದರು.

ತಂಡ ಮುಚ್ಚುವ ಮೊದಲು ದುಬೈಯಲ್ಲಿ ಒಂದು ಪಂದ್ಯಾವಳಿ ಆಡಿದ್ದೆವು. ಅಲ್ಲಿ ನನ್ನನ್ನು ನೋಡಿದ್ದ ಡೀನ್ ಎಂಬ ಅಮೆರಿಕದ ಕೋಚು ಈಗ ಎರಡು ವಾರದ ಪರೀಕ್ಷೆಗೆ ಕರೆದಿದ್ದ. ಅವನ ಒಳಾಂಗಣ ಕ್ಲಬ್ಬಿನಲ್ಲಿ ಒಂದೇ ಜಾಗ ಖಾಲಿ. ಸಿಕ್ಕಿದರೆ ಇನ್ನೂ ಒಂದು ಹಂಗಾಮು ನಾನು ಆಟಗಾರ. ಸಿಗದಿದ್ದರೆ ನಿವೃತ್ತಿಯವರೆಗೆ ಟಪಾಲು. ಇದಕ್ಕಿಂತ ಹೆಚ್ಚೂ ಇರಲಿಲ್ಲ, ಕಡಿಮೆಯೂ ಇರಲಿಲ್ಲ.

ಶಿಕಾಗೋ

ವಲಸೆ ಅಧಿಕಾರಿ ನನ್ನ ಪಾಸ್‌ಪೋರ್ಟ್ ತಿರುಗಿಸುತ್ತ ಏನು ಕೆಲಸ ಎಂದು ಕೇಳಿದ. ಫುಟ್‌ಬಾಲ್ ಆಟಗಾರ ಎಂದೆ. ಆತ ಕುರ್ಚಿಯಿಂದ ಅರ್ಧ ಎದ್ದು ನನ್ನನ್ನು ಕೆಳಗಿನಿಂದ ಮೇಲಕ್ಕೆ ಅಳೆದ. ಆ ದೇಶದಲ್ಲಿ ಫುಟ್‌ಬಾಲ್ ಎಂದರೆ ಕೈಯಲ್ಲಿ ಚೆಂಡು ಹಿಡಿದು ಒಬ್ಬರ ಮೇಲೊಬ್ಬರು ಬೀಳುವ ಆಟ. ಅದನ್ನು ಆಡುವವರು ಒಬ್ಬೊಬ್ಬರೂ ನನ್ನಂಥ ಇಬ್ಬರ ಗಾತ್ರದವರು.

"ಸಾಕರ್," ಎಂದು ತಿದ್ದಿದೆ. "ಒಳಾಂಗಣ ಸಾಕರ್."

"ಬಿಸಿಲಿನ ದೇಶದಿಂದ ಇಷ್ಟು ದೂರ ಬಂದು ಮನೆಯೊಳಗೆ ಆಡುತ್ತೀಯಾ?" ಎಂದ. ಸವಿತಾ ಕೇಳಿದ್ದೂ ಇದನ್ನೇ, ಕಚೇರಿಯಲ್ಲಿ ರಜೆ ಮಂಜೂರು ಮಾಡಿದವರು ಕೇಳಿದ್ದೂ ಇದನ್ನೇ. ಉತ್ತರ ಕೊಟ್ಟು ಕೊಟ್ಟು ಸಾಕಾಗಿತ್ತು. ಸುಮ್ಮನೆ ನಕ್ಕೆ. ನಕ್ಕಿದ್ದೇ ತಪ್ಪಾಯಿತೇನೋ, ನನ್ನ ಚೀಲವನ್ನು ಪಕ್ಕದ ಮೇಜಿಗೆ ಕಳಿಸಿದರು.

ಅಲ್ಲಿದ್ದ ಇನ್ನೊಬ್ಬ ಅಧಿಕಾರಿಗೆ ಸವಿತಾ ಕಟ್ಟಿಕೊಟ್ಟ ಸಜ್ಜೆಯ ಕಡಕ್ ರೊಟ್ಟಿಯ ಗಂಟು ಸಿಕ್ಕಿತು. ಇದೇನು ಎಂದ. ಬ್ರೆಡ್ ಎಂದೆ. ಒಂದನ್ನು ಎತ್ತಿ ಮೇಜಿನ ಅಂಚಿಗೆ ಬಡಿದ. ಟಕ್ ಟಕ್ ಎಂದಿತು. ಬ್ರೆಡ್ ಹೀಗೆ ಸದ್ದು ಮಾಡುವುದಿಲ್ಲ ಎಂದು ಇನ್ನೊಬ್ಬರನ್ನು ಕರೆದ. ಆಕೆಯೂ ಬಡಿದು ನೋಡಿದಳು. ರೊಟ್ಟಿ ಎರಡು ತುಂಡಾಯಿತು. ಅದಕ್ಕೆ ಇಬ್ಬರೂ ಎಷ್ಟು ಮನಃಪೂರ್ವಕವಾಗಿ ಕ್ಷಮೆ ಕೇಳಿದರೆಂದರೆ, ಅದು ಮುರಿದೇ ತಿನ್ನುವ ವಸ್ತು ಎಂದು ಹೇಳುವ ಮನಸ್ಸೇ ಆಗಲಿಲ್ಲ. ಮುಂದೆ ಶೇಂಗಾ ಚಟ್ನಿಪುಡಿಯ ಡಬ್ಬಿ ಬಿಚ್ಚಿದರು. ಮೂಸಿದವನು ಸೀನತೊಡಗಿದ. ಅವನು ಸೀನಿ ಮುಗಿಸುವವರೆಗೆ ನನ್ನನ್ನು ಬಿಡುವ ಅಧಿಕಾರ ಅಲ್ಲಿ ಬೇರೆ ಯಾರಿಗೂ ಇರಲಿಲ್ಲವಂತೆ. ನಾನು ಹತ್ತಬೇಕಾಗಿದ್ದ ಬಸ್ಸು ಹೋಗಿಬಿಟ್ಟಿತು.

ಮುಂದಿನ ಬಸ್ಸಿನಲ್ಲಿ ತಲುಪಿದ ಊರಿನ ಹೆಸರು ಹೇಳುವುದಿಲ್ಲ. ಆ ಊರಿನವರಿಗೂ ನನ್ನ ಹೆಸರು ಹೇಳಲು ಬರಲಿಲ್ಲ, ಲೆಕ್ಕ ಸರಿಹೋಯಿತು. ಶ್ರೀಶೈಲ ಎಂದೆ. ಕಷ್ಟಪಟ್ಟರು. ಬರೀ ಶ್ರೀ ಎಂದೆ. ಅಂದಿನಿಂದ ನಾನು ತ್ರೀ. ಅಂಗಿಯ ಬೆನ್ನಿನ ಮೇಲಿದ್ದ ಸಂಖ್ಯೆ ಹದಿನಾಲ್ಕು, ಕೂಗುವುದು ಮೂರು ಎಂದು.

ಬರ್ಫದ ಮೇಲೆ

ಒಳಾಂಗಣ ಮೈದಾನ ಎಂದರೆ ನಮ್ಮ ಬ್ಯಾಡ್ಮಿಂಟನ್ ಹಾಲಿನಂಥದ್ದು ಇರಬಹುದು ಎಂದುಕೊಂಡಿದ್ದೆ. ಅದು ನಿಜವಾಗಿ ಬರ್ಫದ ಮೇಲೆ ಜಾರುತ್ತ ಹಾಕಿ ಆಡುವ ಅಂಗಳ. ವಾರದಲ್ಲಿ ಕೆಲವು ದಿನ ಹಾಕಿಯವರದು, ಉಳಿದ ದಿನ ಫುಟ್‌ಬಾಲಿನವರದು. ಬರ್ಫವನ್ನು ಕರಗಿಸುವ ತೊಂದರೆ ಯಾರಿಗೆ ಬೇಕು? ಅದರ ಮೇಲೆ ಹಲಗೆ ಹಾಸಿ, ಹಲಗೆಯ ಮೇಲೆ ಹಸಿರು ಪ್ಲಾಸ್ಟಿಕ್ ಹುಲ್ಲಿನ ಚಾಪೆ ಹಾಸುತ್ತಾರೆ, ಅಷ್ಟೇ. ಕೆಳಗಿನಿಂದ ತಣ್ಣಗೆ ಏರುವ ಚಳಿ ಬೂಟಿನ ಅಟ್ಟೆ ದಾಟಿ ಹಲ್ಲಿನವರೆಗೆ ಬರುತ್ತದೆ. ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ ಪಂದ್ಯ ಇಡುವವರಿಗೆ ಬುದ್ಧಿ ಇಲ್ಲ ಎಂದು ಇಷ್ಟು ವರ್ಷ ಬೈದಿದ್ದೆ. ಆ ಮಾತನ್ನು ವಾಪಸ್ ತೆಗೆದುಕೊಂಡೆ.

ಅಂಗಳದ ಸುತ್ತ ಎದೆಯೆತ್ತರದ ಗೋಡೆ, ಅದರ ಮೇಲೆ ಗಾಜು. ಚೆಂಡು ಗೋಡೆಗೆ ಬಡಿದು ವಾಪಸ್ ಬಂದರೆ ಆಟ ನಿಲ್ಲುವುದಿಲ್ಲ. ಇದನ್ನು ಡೀನ್ ಮೊದಲೇ ವಿವರಿಸಿದ್ದ, ನಾನೂ ತಲೆಯಾಡಿಸಿದ್ದೆ. ಆದರೂ ಚೆಂಡು ಗೋಡೆಗೆ ತಾಗಿದಾಗಲೆಲ್ಲ ನಾನು ನಿಂತುಬಿಡುತ್ತಿದ್ದೆ, ಉಳಿದವರು ನನ್ನನ್ನು ಸುತ್ತುಹಾಕಿಕೊಂಡು ಓಡುತ್ತಿದ್ದರು. ಇದರ ಮಧ್ಯೆ ಕಿವಿ ತೂತಾಗುವ ಹಾಗೆ ಹಾಡು ಬೇರೆ. ಅಭ್ಯಾಸಕ್ಕೂ ಹಾಡು, ಪಂದ್ಯಕ್ಕೂ ಹಾಡು, ಚೆಂಡು ಕಾಲಲ್ಲಿ ಇರುವಾಗಲೂ ಹಾಡು.

ಇಷ್ಟೆಲ್ಲ ಸಹಿಸಿಕೊಂಡು ಒಂದು ನಿಮಿಷ ಆಡಿದ್ದೆನೋ ಇಲ್ಲವೋ, ಡೀನ್ ಕೈ ಬೀಸಿ "ತ್ರೀ, ಹೊರಗೆ ಬಾ!" ಎಂದು ಕೂಗಿದ.

ಹೈದರಾಬಾದಿನಲ್ಲಿ ಆಟಗಾರನನ್ನು ಹೊರಗೆ ಕರೆದರೆ ಅವನ ಕಥೆ ಆ ದಿನಕ್ಕೆ ಮುಗಿದ ಹಾಗೆ. ಅದೂ ಮೊದಲ ನಿಮಿಷದಲ್ಲೇ ಕರೆದರೆ ಅಷ್ಟೂ ಮಂದಿಯ ಮುಂದೆ ಕಪಾಳಕ್ಕೆ ಹೊಡೆದಂತೆ. ಮರ್ಯಾದೆಯಿಂದ ಗೋಡೆ ದಾಟಿದೆ, ಯಾರ ಮುಖವನ್ನೂ ನೋಡದೆ ಬಟ್ಟೆ ಬದಲಿಸುವ ಕೋಣೆಗೆ ಹೋದೆ, ಬೂಟು ಬಿಚ್ಚಿದೆ, ಕಾಲುಚೀಲ ಬಿಚ್ಚಿದೆ, ಗೋಡೆಗೊರಗಿ ಕೂತೆ. ಅಳು ಬಂದಿತ್ತು. ಅಷ್ಟು ದೂರದಿಂದ ಕರೆಸಿ ಒಂದು ನಿಮಿಷಕ್ಕೆ ಕಳಿಸುವುದೆಂದರೆ ಏನು?

ಆಮೇಲೆ ತಿಳಿದದ್ದು ಇಷ್ಟು. ಆ ಆಟದಲ್ಲಿ ಯಾರೂ ಒಂದೆರಡು ನಿಮಿಷಕ್ಕಿಂತ ಹೆಚ್ಚು ಒಳಗಿರುವುದಿಲ್ಲ. ಉಸಿರು ಕಟ್ಟುವ ಹಾಗೆ ಓಡುವುದು, ಗೋಡೆ ಹಾರಿ ಬೆಂಚಿಗೆ ಬರುವುದು, ಸುಧಾರಿಸಿಕೊಂಡು ಮತ್ತೆ ಹಾರುವುದು. ಆಟ ನಡೆಯುತ್ತಿರುವಾಗಲೇ ಈ ಅದಲುಬದಲು. ಡೀನ್ ನನ್ನನ್ನು ಕರೆದದ್ದು ಉಸಿರು ತೆಗೆದುಕೊಳ್ಳಲಿ ಎಂದು. ಅವನು ಬೆಂಚಿನತ್ತ ತಿರುಗಿ ನೋಡಿದಾಗ ನಾನೇ ಇರಲಿಲ್ಲ.

ಇದನ್ನು ನನಗೆ ವಿವರಿಸಿದವನು ಲೂಯಿಸ್. ಮೆಕ್ಸಿಕೋದ ಹುಡುಗ, ಇಪ್ಪತ್ತಮೂರರ ಪ್ರಾಯ. ನಮ್ಮಿಬ್ಬರನ್ನೂ ಒಂದೇ ಕೋಣೆಯಲ್ಲಿ ಇಳಿಸಿದ್ದರು. ಆ ಒಂದೇ ಖಾಲಿ ಜಾಗಕ್ಕೆ ಬಂದಿದ್ದ ಇನ್ನೊಬ್ಬ ಅವನೇ. ಎದುರಾಳಿಯನ್ನು ದ್ವೇಷಿಸೋಣವೆಂದರೆ ಅದಕ್ಕೂ ಅವನು ಅವಕಾಶ ಕೊಡಲಿಲ್ಲ. ಕಿತ್ತಳೆ ಸುಲಿದು ಅದಕ್ಕೆ ಉಪ್ಪು, ಖಾರದಪುಡಿ ಉದುರಿಸಿ ತಿನ್ನುತ್ತಿದ್ದ. ನಾವು ಪೇರಲಹಣ್ಣಿಗೆ ಹಾಕುವ ಹಾಗೆ! ನನ್ನ ಚಟ್ನಿಪುಡಿ ತೋರಿಸಿದೆ. ಅಂಗೈಗೆ ಸುರಿದುಕೊಂಡು ನೆಕ್ಕಿದ, ಕಣ್ಣು ಮುಚ್ಚಿದ, ಇನ್ನಷ್ಟು ಬೇಕೆಂದ. ಇಂಥವನ ಮೇಲೆ ಸಿಟ್ಟು ಮಾಡುವುದು ಹೇಗೆ?

ಅಭ್ಯಾಸ ಬಿಟ್ಟು ಯಾಕೆ ಹೋದೆ ಎಂದು ಡೀನ್ ನನ್ನನ್ನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಲು ನಾಚಿಕೆಯಾಗಿತ್ತು.

ಮೂರನೆಯ ದಿನ

ಮೂರನೆಯ ದಿನ ಮೈ ತಪಾಸಣೆ. ಕ್ಲಬ್ಬಿನ ಫಿಜಿಯೋ ನಮ್ಮ ದೇಶದವರೇ, ಲಖನೌದ ತ್ರಿಪಾಠಿ. ನನ್ನನ್ನು ನೋಡಿ ಅವರಿಗೆ ಖುಷಿಯೋ ಖುಷಿ. ಎಷ್ಟೋ ದಿನವಾಯಿತಂತೆ ಕೆಲಸದ ಜಾಗದಲ್ಲಿ ಹಿಂದಿ ಮಾತಾಡಿ. ನನಗೂ ಇಂಗ್ಲಿಷಿನಿಂದ ಸ್ವಲ್ಪ ಬಿಡುಗಡೆ ಸಿಕ್ಕಿತು. ಆದರೆ ನನ್ನ ಹೈದರಾಬಾದಿ ಹಿಂದಿ ಕೇಳಿದ ಕೂಡಲೇ ಅವರ ಹುಬ್ಬು ಮೇಲೇರಿತು. ನಾನು "ನಕ್ಕೋ" ಎಂದರೆ ಅವರು "ನಹೀಂ" ಎಂದು ತಿದ್ದುವರು. "ಹೌ" ಎಂದರೆ "ಹಾಂ" ಎಂದು ತಿದ್ದುವರು. ಮೊಣಕಾಲು ತೋರಿಸಲು ಬಂದವನಿಗೆ ವ್ಯಾಕರಣದ ಪಾಠ.

ಮೊಣಕಾಲಿನ ಗಾಯದ ಗುರುತಿನ ಮೇಲೆ ಬೆರಳಾಡಿಸಿ ಆಪರೇಷನ್ ಯಾವಾಗ ಆದದ್ದೆಂದು ಕೇಳಿದರು. ಕೇರಳದಲ್ಲಿ ಆಡುವಾಗ ಎಂದೆ, ಬರೆದುಕೊಂಡರು. ಅದಾದ ಮೇಲೆ ಕೊನೆಯ ಸಲ ತೊಂದರೆ ಕೊಟ್ಟದ್ದು ಯಾವಾಗ ಎಂದರು.

"ಪರ್‌ಸೋಂ ಥೋಡೀ ಸೂಜನ್ ಆಯೀ ಥೀ," ಎಂದೆ. ಸ್ವಲ್ಪ ಬಾವು ಬಂದಿತ್ತು, ಆಮೇಲೆ ಏನೂ ಇಲ್ಲ.

"ಪರ್‌ಸೋಂ?" ಎಂದು ಮತ್ತೆ ಕೇಳಿದರು.

"ಹೌ, ಪರ್‌ಸೋಂಚ್," ಎಂದು ಗಟ್ಟಿಮಾಡಿದೆ. ಈ ಸಲ ಅವರು ನನ್ನ ಹಿಂದಿಯನ್ನು ತಿದ್ದಲಿಲ್ಲ. ಗಂಭೀರವಾಗಿ ತಲೆಯಾಡಿಸಿ, ನನ್ನ ಹೆಗಲು ತಟ್ಟಿ ಕಳಿಸಿದರು.

ಸೈಕಲ್ಲು

ಮರುದಿನ ಎಲ್ಲರೂ ಅಂಗಳಕ್ಕೆ ಇಳಿದರೆ ನನ್ನನ್ನು ಒಂದು ಸೈಕಲ್ಲಿನ ಮೇಲೆ ಹತ್ತಿಸಿದರು. ನೆಲಕ್ಕೆ ಬಿಗಿದ ಸೈಕಲ್ಲು. ತುಳಿದೆ. ಅದರ ಮರುದಿನವೂ ಅದೇ. ಇಳಿದ ಮೇಲೆ ಮೊಣಕಾಲಿಗೆ ಬರ್ಫದ ಚೀಲ. ಕೆಳಗೆ ಬರ್ಫ, ಹೊರಗೆ ಬರ್ಫ, ಈಗ ಮೊಣಕಾಲಿಗೂ ಬರ್ಫ! ಹೋಗುವವರು ಬರುವವರೆಲ್ಲ "ತ್ರೀ, ಆರಾಮವಾಗಿರು, ಅವಸರ ಬೇಡ" ಎಂದು ಬೆನ್ನು ಸವರುತ್ತಿದ್ದರು. ಎಷ್ಟು ಒಳ್ಳೆಯ ಜನ ಎಂದರೆ ಮೈ ಉರಿಯುತ್ತಿತ್ತು.

ಡೀನ್‌ನನ್ನು ಕೇಳಬಹುದಿತ್ತಲ್ಲ ಎನ್ನುವಿರಿ. ಇಲ್ಲೇ ಇರುವುದು ನಮ್ಮವರ ಅಭ್ಯಾಸ. ನಮ್ಮಲ್ಲಿ ಕೋಚನ್ನು "ಯಾಕೆ" ಎಂದು ಕೇಳಿದವನು ಮೈದಾನ ಸುತ್ತುತ್ತಾನೆ, ಉಳಿದವರು ಅವನನ್ನು ನೋಡಿ ಬುದ್ಧಿ ಕಲಿಯುತ್ತಾರೆ. ಕೋಚು ಬಾವಿಗೆ ಬೀಳೆಂದರೆ ಯಾವ ಬಾವಿ ಎಂದು ಕೇಳುವಷ್ಟೇ ನಮ್ಮ ಸ್ವಾತಂತ್ರ್ಯ. ಇದೂ ಅಮೆರಿಕದ ಒಂದು ಪದ್ಧತಿ ಇರಬೇಕು, ವಯಸ್ಸಾದವರ ಸಹನೆಯನ್ನು ಪರೀಕ್ಷಿಸುತ್ತಿರಬೇಕು ಎಂದು ಹಲ್ಲುಕಚ್ಚಿ ತುಳಿದೆ. ಗಾಜಿನಾಚೆ ಲೂಯಿಸ್ ಚೆಂಡನ್ನು ಗೋಡೆಗೆ ಬಡಿದು, ಎದುರಿನವನನ್ನು ದಾಟಿ, ವಾಪಸ್ ಬಂದದ್ದನ್ನು ತಾನೇ ಹಿಡಿಯುತ್ತಿದ್ದ. ದಿನದಿಂದ ದಿನಕ್ಕೆ ಚೆನ್ನಾಗಿ ಆಡುತ್ತಿದ್ದ. ನಾನು ದಿನದಿಂದ ದಿನಕ್ಕೆ ಚೆನ್ನಾಗಿ ಸೈಕಲ್ ತುಳಿಯುತ್ತಿದ್ದೆ.

ವಾರಾಂತ್ಯ ಕಳೆಯಿತು. ಎರಡನೆಯ ವಾರದ ಆರಂಭದಲ್ಲಿ, ಬೆಳಿಗ್ಗೆ ಮೊಟ್ಟೆ ಬೇಯಿಸುತ್ತ ಲೂಯಿಸ್ ಕೇಳಿದ, "ಬಾವು ಇಳಿಯಿತಾ?"

"ಯಾವ ಬಾವು?"

"ಮೊದಲ ದಿನ ಆಡುವಾಗ ಬಂತಲ್ಲ, ಅದಕ್ಕೇ ತಾನೇ ನೀನು ಒಳಗೆ ಹೋಗಿ ಬೂಟು ಬಿಚ್ಚಿದ್ದು? ನಿಯಮ ಗೊತ್ತಿಲ್ಲದೆ ಹೋದೆ ಅಂತ ನೀನು ನನಗೆ ಹೇಳಿದ್ದು ಬಾವು ಮುಚ್ಚಿಡಲು ಅಂದುಕೊಂಡೆ. ತ್ರಿಪಾಠಿ ಹೇಳಿದ ಮೇಲೆ ಎಲ್ಲರಿಗೂ ಅರ್ಥವಾಯಿತು. ಶನಿವಾರದ ಪಂದ್ಯಕ್ಕೆ ನಿನ್ನನ್ನು ಇಳಿಸುವುದಿಲ್ಲವಂತೆ."

ಶನಿವಾರ ಕ್ಲಬ್ಬಿನವರೇ ಎರಡು ತಂಡವಾಗಿ ಆಡುವ ಪಂದ್ಯವಿತ್ತು. ಜಾಗ ಯಾರಿಗೆ ಎಂದು ಡೀನ್ ನಿರ್ಧರಿಸುವುದು ಅದನ್ನು ನೋಡಿಯೇ. ಮೊಟ್ಟೆ ಅಲ್ಲೇ ಬಿಟ್ಟು, ಕೋಟಿನ ತೋಳಲ್ಲಿ ಒಂದೇ ಕೈ ತೂರಿಸಿಕೊಂಡು ಹೊರಬಿದ್ದೆ. ಬರ್ಫದಲ್ಲಿ ಜಾರಿ ಒಮ್ಮೆ ಬಿದ್ದೆ ಕೂಡ. ಆ ಬಿದ್ದ ಜಾಗಕ್ಕೆ ನೋವಾಗಿತ್ತು ನಿಜ, ಆದರೆ ಅದು ಮೊಣಕಾಲಲ್ಲ.

ತ್ರಿಪಾಠಿಯವರ ಕೋಣೆ

"ಬಾವು ಬಂದದ್ದು ಯಾವಾಗ ಅಂತ ನೀವೇ ಹೇಳಿದಿರಿ," ಎಂದರು ತ್ರಿಪಾಠಿ. "ಪರ್‌ಸೋಂ ಅಂದಿರಿ. ಎರಡು ಸಲ ಕೇಳಿದೆ."

ಆಗ ಹೊಳೆಯಿತು. ಹಿಂದಿಯ ಪುಸ್ತಕದಲ್ಲಿ ಪರ್‌ಸೋಂ ಎಂದರೆ ಮೊನ್ನೆ, ನಿನ್ನೆಯ ಹಿಂದಿನ ದಿನ. ಹೈದರಾಬಾದಿನಲ್ಲಿ ಪರ್‌ಸೋಂ ಎಂದರೆ ಕಳೆದುಹೋದ ಯಾವ ದಿನವಾದರೂ ಸರಿ. ಹೋದ ವಾರ ಪರ್‌ಸೋಂ, ಹೋದ ದಸರೆ ಪರ್‌ಸೋಂ, ತಾತ ತೀರಿಕೊಂಡದ್ದೂ ಪರ್‌ಸೋಂ. ನಮ್ಮ ಕನ್ನಡದ "ಮೊನ್ನೆ"ಯೂ ಸ್ವಲ್ಪ ಹಿಗ್ಗುತ್ತದೆ, ಹೋದ ತಿಂಗಳವರೆಗೆ ಬೇಕಾದರೆ ಎಳೆಯಬಹುದು. ಪರ್‌ಸೋಂಗೆ ಆ ಮಿತಿಯೂ ಇಲ್ಲ. ನನಗೆ ಬಾವು ಬಂದು ಎರಡು ವರ್ಷದ ಮೇಲಾಗಿತ್ತು.

ಇದನ್ನು ಹೇಳಿದರೆ ತ್ರಿಪಾಠಿ ನನ್ನನ್ನು ಕರುಣೆಯಿಂದ ನೋಡಿದರು. ಪಂದ್ಯ ಆಡುವ ಆಸೆಗೆ ಆಟಗಾರರು ಏನೇನೋ ಕಥೆ ಕಟ್ಟುವುದನ್ನು ಅವರು ಕಂಡವರು. "ಶ್ರೀಶೈಲ್‌ಜಿ, ಎರಡು ವರ್ಷಕ್ಕೆ ಪರ್‌ಸೋಂ ಅಂತ ಯಾವ ಭಾಷೆಯಲ್ಲೂ ಹೇಳುವುದಿಲ್ಲ," ಎಂದರು.

ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಫೋನ್ ತೆಗೆದು ಸವಿತಾಳಿಗೆ ಹಚ್ಚಿದೆ. ಅಲ್ಲಿ ಸಂಜೆ. ಮಿಯಾಪುರದ ನಮ್ಮ ಮನೆಯ ಕುಕ್ಕರಿನ ಸೀಟಿ ಕೇಳಿಸಿತು. ಏನೂ ವಿವರಿಸದೆ ಫೋನನ್ನು ತ್ರಿಪಾಠಿಯವರ ಮುಂದೆ ಹಿಡಿದು, "ಈಕೆಯನ್ನು ಕೇಳಿ, ನಮ್ಮ ಮದುವೆ ಯಾವಾಗ ಆಯಿತು ಅಂತ," ಎಂದೆ. ನಾನು ಮರೆತ ಮದುವೆಯ ದಿನಗಳ ಲೆಕ್ಕ ಅವಳ ಬಾಯಲ್ಲೇ ಇರುತ್ತದೆ, ತಾರೀಖು ವಾರ ಮುಹೂರ್ತದ ಸಮೇತ ಹೇಳಿಬಿಟ್ಟರೆ ನನ್ನ ಕಥೆ ಅಲ್ಲಿಗೆ ಮುಗಿಯಿತು.

ತ್ರಿಪಾಠಿ ಸಂಕೋಚದಿಂದ ನಮಸ್ಕಾರ ಹೇಳಿ ಕೇಳಿದರು, "ಭಾಭೀಜಿ, ಆಪ್ ಕೀ ಶಾದೀ ಕಬ್ ಹುಯೀ?"

"ಹಮಾರೀ?" ಎಂದಳು ಸವಿತಾ. "ಪರ್‌ಸೋಂಚ್ ತೋ ಹುಯೀ, ಭಾಯಿಸಾಬ್."

ತ್ರಿಪಾಠಿ ನನ್ನ ಮುಖ ನೋಡಿದರು. "ಔರ್ ಬಚ್ಚೇ?"

"ಏಕೀಚ್ ಬಚ್ಚೀ ಹೈ. ಚೌಥೀ ಮೇಂ ಪಢ್‌ರಹೀ."

ಮದುವೆಯಾದದ್ದು ಮೊನ್ನೆ, ಮಗಳು ನಾಲ್ಕನೆಯ ತರಗತಿಯಲ್ಲಿ. ತ್ರಿಪಾಠಿ ನಿಧಾನವಾಗಿ ಕುರ್ಚಿಯಲ್ಲಿ ಕೂತರು. ಅಷ್ಟರಲ್ಲಿ ಆ ಕಡೆಯಿಂದ ಕನ್ನಡ ಶುರುವಾಯಿತು. "ಯಾಕ್ರಿ, ಏನಾತು? ಅವರು ಯಾರು? ನಮ್ಮ ಮದಿವಿ ಯಾಕ ಕೇಳಾಕತ್ತಾರ? ಅಲ್ಲೆ ಇನ್ನೊಂದು ಮದಿವಿ ಮಾಡ್ಕೊಳ್ಳಾಕ ಹೊಂಟೀರೇನು?"

"ಇಲ್ಲ ಮಾರಾಯ್ತಿ. ನೀ ನನ್ನ ಉಳಿಸಿದಿ," ಎಂದೆ. ಅರ್ಥವಾಗದಿದ್ದರೂ ಸರಿ ಎಂದು ಫೋನಿಟ್ಟಳು.

ತ್ರಿಪಾಠಿ ನನ್ನನ್ನು ಕರೆದುಕೊಂಡು ನೇರ ಡೀನ್ ಹತ್ತಿರ ಹೋದರು. ಈ ಪದದ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಲು ಅವರು ಪಟ್ಟ ಕಷ್ಟ ನೋಡಿ ನನಗೆ ಸ್ವಲ್ಪ ಸಮಾಧಾನವಾಯಿತು. ಹಾಗಾದರೆ ಮೊದಲ ದಿನ ಯಾಕೆ ಎದ್ದು ಹೋದೆ ಎಂದು ಡೀನ್ ಕೇಳಿದ. ಅದನ್ನೂ ಹೇಳಿದೆ. ಅವನು ಟೇಬಲ್ಲಿನ ಮೇಲೆ ತಲೆಯಿಟ್ಟು ನಕ್ಕ. ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಕಣ್ಣೊರೆಸಿಕೊಂಡು, "ಶನಿವಾರ ಆಡು, ತ್ರೀ," ಎಂದ.

ಶನಿವಾರ

ಊರಿನವರು ಮಕ್ಕಳು ಮರಿಗಳೊಡನೆ ನೋಡಲು ಬಂದಿದ್ದರು. ಹೈದರಾಬಾದಿನಲ್ಲಿ ನನ್ನ ಎಷ್ಟೋ ಪಂದ್ಯಗಳಿಗೆ ಪೂರ್ತಿ ಪ್ರೇಕ್ಷಕರೆಂದರೆ ಒಂದು ಚಹಾದ ಅಂಗಡಿ, ನಾಲ್ಕು ಮಂದಿ ಮುದುಕರು. ನಮ್ಮ ಕಾಲದ ಆಟವೇ ಬೇರೆ ಎಂದು ಪಂದ್ಯ ಮುಗಿಯುವವರೆಗೂ ಅವರು ತಮ್ಮತಮ್ಮಲ್ಲೇ ಮಾತಾಡುತ್ತಿದ್ದರು. ಇಲ್ಲಿ ಅಭ್ಯಾಸದ ಪಂದ್ಯಕ್ಕೂ ಜನ ಎದ್ದು ನಿಂತು ಕಿರುಚುತ್ತಾರೆ. ನನಗೆ ಹಿತವಾಯಿತು, ಸುಳ್ಳು ಹೇಳುವುದಿಲ್ಲ.

ಲೂಯಿಸ್ ಎದುರಿನ ತಂಡದಲ್ಲಿದ್ದ. ಮೊದಮೊದಲು ನಾನು ಚೆನ್ನಾಗಿಯೇ ಆಡಿದೆ. ಎರಡು ಸಲ ಅವನ ಕಾಲಿನಿಂದ ಚೆಂಡು ಕಸಿದೆ. ಕರೆದಾಗ ಗೋಡೆ ಹಾರಿ ಬೆಂಚಿಗೆ ಬಂದೆ, ಹೇಳಿದಾಗ ಮತ್ತೆ ಹಾರಿದೆ. ಮೊಣಕಾಲು ಕಮಕ್ ಎನ್ನಲಿಲ್ಲ. ತ್ರಿಪಾಠಿ ಗಾಜಿನಾಚೆ ನಿಂತು ನನ್ನ ಮೊಣಕಾಲನ್ನೇ ನೋಡುತ್ತಿದ್ದರು.

ಆಮೇಲೆ ಲೂಯಿಸ್ ನನ್ನ ಬೆನ್ನ ಹಿಂದೆ ನುಸುಳಿದ. ಎದುರಿನವನು ಅವನಿಗೆ ಚೆಂಡು ಕೊಡುವ ಹೊತ್ತಿಗೆ ನಾನು ಒಂದು ಹೆಜ್ಜೆ ಮುಂದೆ ಬಂದು, ನಿಂತು, ಬಲಗೈ ಎತ್ತಿದೆ. ಆಫ್‌ಸೈಡ್! ತಡೆಯುವವರ ಬೆನ್ನ ಹಿಂದೆ ಚೆಂಡಿಗೆ ಕಾಯುವುದು ಬಯಲಿನ ಆಟದಲ್ಲಿ ತಪ್ಪು, ಅದನ್ನು ಕೈ ಎತ್ತಿ ರೆಫರಿಗೆ ತೋರಿಸುವುದು ಸ್ಟಾಪರ್ ಆದವನು ಜೀವಮಾನವಿಡೀ ಮಾಡುವ ಕೆಲಸ. ಒಳಾಂಗಣ ಆಟದಲ್ಲಿ ಈ ತರಹದ ಆಫ್‌ಸೈಡ್ ಇಲ್ಲ. ನನಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಕೈ ಎತ್ತಿಕೊಂಡು ನಿಂತವನ ಪಕ್ಕದಿಂದ ಲೂಯಿಸ್ ಹೋಗಿ ಗೋಲು ಹೊಡೆದ. ಜನ ನಕ್ಕರು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಆಯಿತು, ಕೈ ಮತ್ತೆ ಎದ್ದಿತು, ಈ ಸಲ ಯಾರೂ ನಗಲಿಲ್ಲ.

ಮೂರನೆಯ ಸಲ ನಾನು ಕೈ ಎತ್ತಲಿಲ್ಲ. ಗೋಡೆಗೆ ಬಡಿದು ಬಂದ ಚೆಂಡು ಎಲ್ಲಿಗೆ ಬರುತ್ತದೆಂದು ನನಗೆ ಮೊದಲೇ ಕಂಡಿತ್ತು. ಲೂಯಿಸ್‌ಗೂ ಕಂಡಿತ್ತು. ಇಬ್ಬರೂ ಓಡಿದೆವು. ನನ್ನಲ್ಲಿದ್ದ ಅಷ್ಟನ್ನೂ ಹಾಕಿ ಓಡಿದೆ. ಅವನು ಮೊದಲು ತಲುಪಿದ.

ಪಂದ್ಯ ಮುಗಿದ ಮೇಲೆ ಡೀನ್ ಬಂದು ಪಕ್ಕದಲ್ಲಿ ಕೂತ. "ಮೊಣಕಾಲು ಗಟ್ಟಿಯಾಗಿದೆ," ಎಂದ. "ನಿನ್ನ ಆಟ ನನಗೆ ಇಷ್ಟ. ಆದರೆ ಜಾಗ ಲೂಯಿಸ್‌ನದು." ನಾನು ತಲೆಯಾಡಿಸಿದೆ. ಲೂಯಿಸ್ ಬಂದು ತಬ್ಬಿಕೊಂಡ. ಅವನ ಕಣ್ಣಲ್ಲಿ ನೀರಿತ್ತು, ಅದಕ್ಕೆ ನನಗೆ ಇನ್ನಷ್ಟು ಕೋಪ ಬಂತು. ಆ ಕೋಪವನ್ನು ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ. ಎರಡು ವಾರ ಅಧಿಕಾರಿಗಳನ್ನು ಬೈದೆ, ಬರ್ಫವನ್ನು ಬೈದೆ, ಸೈಕಲ್ಲನ್ನು ಬೈದೆ, ಲಖನೌದ ಹಿಂದಿಯನ್ನು ಬೈದೆ. ಈಗ ಬೈಯಲು ಯಾರೂ ಇರಲಿಲ್ಲ.

ಬಸ್ಸಿನವರೆಗೆ ಬಿಡಲು ತ್ರಿಪಾಠಿ ಬಂದರು. ನಾನು ಅವರ ಕಾರಿನಿಂದ ಇಳಿಯುವಾಗ ಹೇಳಿದರು: "ಊರಲ್ಲಿ ಕೇಳಿದರೆ ನನ್ನ ಹೆಸರು ಹೇಳಿ. ಫಿಜಿಯೋ ತಪ್ಪು ತಿಳಿದು ಅಭ್ಯಾಸ ತಪ್ಪಿಸಿದ, ಅದಕ್ಕೇ ಹೀಗಾಯಿತು ಅನ್ನಿ. ಸುಳ್ಳೂ ಅಲ್ಲವಲ್ಲ."

ಶಂಷಾಬಾದ್

ವಿಮಾನದಲ್ಲಿ ಆ ಮಾತನ್ನೇ ಮೆಲುಕು ಹಾಕಿದೆ. ಒಳ್ಳೆಯ ಕಥೆ. ಅದರಲ್ಲಿ ನಗು ಇದೆ, ಅನ್ಯಾಯ ಇದೆ, ತಪ್ಪು ಬೇರೆಯವರದು. ಚಹಾದ ಅಂಗಡಿಯ ಮುದುಕರಿಗೆ ಹೇಗೆ ಹೇಳಬೇಕು, ಕಚೇರಿಯಲ್ಲಿ ಹೇಗೆ ಹೇಳಬೇಕು ಎಂದು ಬೇರೆ ಬೇರೆಯಾಗಿ ಹೊಂದಿಸಿಕೊಂಡೆ. ಪಕ್ಕದಲ್ಲಿ ಕೂತವನ ಮೇಲೆ ಒಮ್ಮೆ ಪ್ರಯೋಗವನ್ನೂ ಮಾಡಿದೆ. "ಅಯ್ಯೋ ಪಾಪ," ಎಂದು ಲೊಚಗುಟ್ಟಿದ. ಕೇಳಲು ಹಿತವಾಗಿತ್ತು.

ಶಂಷಾಬಾದಿನಲ್ಲಿ ಇಳಿದು ಹೊರಬಂದಾಗ ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಸವಿತಾ ಮಗಳನ್ನು ಕರೆದುಕೊಂಡು ಬಂದಿದ್ದಳು. ಫೋನಿನಲ್ಲಿ ನಾನು ಏನನ್ನೂ ಹೇಳಿರಲಿಲ್ಲ, ಬಂದು ಹೇಳುತ್ತೇನೆ ಎಂದಿದ್ದೆ ಅಷ್ಟೇ. ಅವಳು ನನ್ನ ಮುಖ ನೋಡಿದಳು. ನನ್ನ ಕೈಯಿಂದ ಚೀಲದ ಗಾಡಿ ತೆಗೆದುಕೊಂಡು ತಳ್ಳತೊಡಗಿದಳು. ಮಗಳು ಕೈ ಹಿಡಿದುಕೊಂಡು ಬರ್ಫ ಹೇಗಿತ್ತು ಎಂದು ಕೇಳುತ್ತಿದ್ದ ಪ್ರಶ್ನೆಗಳಿಗೆಲ್ಲ ಉತ್ತರ ಹೇಳುತ್ತ ನಡೆದೆ.

ಕಾರಿನ ಹತ್ತಿರ ಬಂದಾಗ ಸವಿತಾ ಮೆಲ್ಲಗೆ ಹೇಳಿದಳು. "ಮಂದಿ ಕೇಳ್ತಾರ. ಮೊಣಕಾಲು ಭಾಳ ನೋಯ್ತು, ಅದಕ್ಕ ಬಂದ್ರು ಅಂತ ಹೇಳೂಣ್ರಿ. ನಿಮ್ಮ ಆಪರೇಷನ್ ಆಗಿದ್ದು ಎಲ್ಲಾರಿಗೂ ಗೊತ್ತೈತಿ. ಯಾರೂ ಏನೂ ಅನ್ನೂದಿಲ್ಲ."

ಅವಳಿಗೂ ಅದೇ ಕಥೆ ಹೊಳೆದಿತ್ತು, ಇನ್ನೂ ಚಿಕ್ಕದಾಗಿ, ಇನ್ನೂ ಚೆನ್ನಾಗಿ. ಹೂಂ ಎಂದಿದ್ದರೆ ಸಾಕಿತ್ತು.

"ಬ್ಯಾಡ," ಎಂದೆ. "ನಾ ಆಡಿದ್ನಿ. ಆ ಹುಡುಗ ನನಗಿಂತ ಛಲೋ ಆಡಿದ."

"ಮತ್ತ ಮೊಣಕಾಲು?"

"ಮೊಣಕಾಲಿಗೇನೂ ಆಗಿಲ್ಲ," ಎಂದೆ. "ಗಟ್ಟಿ ಐತಿ."